ಸೊಸೈಟಿ ಮುಂದೆ ಸಾಲು ನಿಂತಾಗ ರೇಡಿಯೊದಲ್ಲಿ ಮಾತಾಡುವುದು ಹೇಗೆ

ಶನಿವಾರ ಮಧ್ಯಾಹ್ನ ಒಂದು ವಾಟ್ಸಾಪ್ ಆಡಿಯೊ ಹೊರಡುತ್ತದೆ: "ಸೊಸೈಟಿಯಲ್ಲಿ ದುಡ್ಡು ಖಾಲಿಯಂತೆ, ಇದ್ದದ್ದನ್ನು ಬೇಗ ತೆಗೆಯಿರಿ." ಸಂಜೆಯೊಳಗೆ ಅದು ಮಲ್ಪೆಯಿಂದ ಮೂಡುಬಿದಿರೆಗೆ ಮುಟ್ಟಿರುತ್ತದೆ. ಸೋಮವಾರ ಬಾಗಿಲು ತೆರೆಯುವ ಮೊದಲೇ ಪಾಸ್‌ಬುಕ್ ಹಿಡಿದವರು ಮೆಟ್ಟಿಲ ಮೇಲೆ ಕೂತಿರುತ್ತಾರೆ. ನಡುವೆ ಸಿಗುವುದು ಒಂದು ಭಾನುವಾರ ಮಾತ್ರ. ಆ ಭಾನುವಾರ ಏನು ಮಾಡಬೇಕು, ರಾತ್ರಿ ಮೈಕಿನ ಮುಂದೆ ಏನು ಹೇಳಬೇಕು, ಮರುದಿನ ಕೌಂಟರಿನಲ್ಲಿ ಏನು ಸಿದ್ಧವಿರಬೇಕು ಎನ್ನುವುದನ್ನು ಇಲ್ಲಿ ಬರೆದಿದ್ದೇವೆ. ಸೊಸೈಟಿ ಅಧ್ಯಕ್ಷರು, ಸಹಕಾರಿ ಬ್ಯಾಂಕಿನ ಆಡಳಿತ ಮಂಡಳಿಯವರು, ಅವರ ಜೊತೆ ನಿಲ್ಲಬೇಕಾದ ಜನಪ್ರತಿನಿಧಿಗಳು ಮತ್ತು ಅಧಿಕಾರಿಗಳು ಓದಿ ಇಟ್ಟುಕೊಳ್ಳಲಿ ಎಂದು. ದೊಡ್ಡ ಬ್ಯಾಂಕುಗಳ ಶಾಖಾ ಮ್ಯಾನೇಜರರು ತಾವಾಗಿ ರೇಡಿಯೊಗೆ ಹೋಗಬಾರದು, ಆ ಮಾತು ಕೇಂದ್ರ ಕಚೇರಿಯಿಂದಲೇ ಬರಬೇಕು.

ಈ ಕೆಲಸಕ್ಕೆ ಇವತ್ತಿಗೂ ಮೇಲ್ಪಂಕ್ತಿ 1933ರ ಮಾರ್ಚ್ 12ರ ಭಾನುವಾರ ರಾತ್ರಿ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಮಾಡಿದ ಬಾನುಲಿ ಭಾಷಣ. (1906ರ ಮಾರ್ಚ್ 12 ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಶುರುಮಾಡಿದ ದಿನ. ನಮ್ಮೂರಿನವರಿಗೆ ತಾರೀಕು ನೆನಪಿಡಲು ಕಷ್ಟವಿಲ್ಲ.) ಭಾಷಣ ಹದಿನಾಲ್ಕು ನಿಮಿಷವನ್ನೂ ಮೀರಲಿಲ್ಲ. ಮರುದಿನ ಬ್ಯಾಂಕುಗಳು ತೆರೆದಾಗ ಜನ ದುಡ್ಡು ತೆಗೆಯುವ ಬದಲು ತಂದು ಕಟ್ಟತೊಡಗಿದರು. ಭಯದಿಂದ ಮನೆಗೊಯ್ದಿದ್ದ ನಗದಿನಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ತಿಂಗಳ ಕೊನೆಗೆ ಬ್ಯಾಂಕಿಗೆ ವಾಪಸಾಗಿತ್ತು. ಮಾರ್ಚ್ 15ರಂದು ನ್ಯೂಯಾರ್ಕ್ ಷೇರುಪೇಟೆ ತೆರೆದಾಗ ಡೌ ಸೂಚ್ಯಂಕ ಒಂದೇ ದಿನದಲ್ಲಿ ಶೇ. 15ಕ್ಕಿಂತ ಹೆಚ್ಚು ಏರಿತು.

ಇದನ್ನು ಕೇಳಿದವರು ಸಾಮಾನ್ಯವಾಗಿ "ಅವರ ಸ್ವರ ಚೆನ್ನಾಗಿತ್ತು" ಎನ್ನುತ್ತಾರೆ. ಸ್ವರ ಚೆನ್ನಾಗಿತ್ತು, ನಿಜ. ಆದರೆ ತಾರೀಕುಗಳನ್ನು ನೋಡಿ. ಮಾರ್ಚ್ 4ಕ್ಕೆ ಅಧಿಕಾರ ಹಿಡಿದರು. 6ಕ್ಕೆ ದೇಶದ ಎಲ್ಲ ಬ್ಯಾಂಕುಗಳಿಗೆ ರಜೆ ಘೋಷಿಸಿದರು. 9ಕ್ಕೆ ತುರ್ತು ಬ್ಯಾಂಕಿಂಗ್ ಕಾಯ್ದೆ ಒಂದೇ ದಿನದಲ್ಲಿ ಪಾಸಾಯಿತು: ಯಾವ ಬ್ಯಾಂಕು ಗಟ್ಟಿ ಎಂದು ಪರೀಕ್ಷಿಸಿ ತೆರೆಯುವ ಅಧಿಕಾರ, ಬೇಕಾದಷ್ಟು ಹೊಸ ನೋಟು ಒದಗಿಸುವ ಏರ್ಪಾಡು ಎರಡೂ ಅದರಲ್ಲಿದ್ದವು. ಮೈಕಿನ ಮುಂದೆ ಕೂತದ್ದು ಇಷ್ಟೆಲ್ಲ ಆದ ಮೇಲೆ, ಬಾಗಿಲು ತೆರೆಯುವ ಹಿಂದಿನ ರಾತ್ರಿ.

ಅದಕ್ಕೆ ಸುಮಾರು ಒಂದು ವರ್ಷ ಮೊದಲು, 1932ರ ಮಾರ್ಚ್ 6ರಂದು, ಆಗಿನ ಅಧ್ಯಕ್ಷ ಹೂವರ್ ಕೂಡ ರೇಡಿಯೊದಲ್ಲೇ ಮಾತಾಡಿದ್ದರು. ಮನೆಯಲ್ಲಿ ದುಡ್ಡು ಕೂಡಿಡಬೇಡಿ, ಅದರಿಂದ ದೇಶಕ್ಕೆ ನಷ್ಟ ಎಂದು ಜನರನ್ನು ಕೇಳಿಕೊಂಡರು. ಮರುವರ್ಷದ ಫೆಬ್ರವರಿಯಲ್ಲಿ ಸಾಲುಗಳು ಇನ್ನಷ್ಟು ಉದ್ದವಾದವು. ಜನರ ಹತ್ತಿರ ನಂಬಿಕೆ ಕೇಳುವ ಮೊದಲು ನಂಬಲು ಒಂದು ಕಾರಣ ಕೊಡಬೇಕಿತ್ತು, ಅದು ಹೂವರ್ ಕೈಯಲ್ಲಿ ಇರಲಿಲ್ಲ. ಇಂಗ್ಲೆಂಡಿನಲ್ಲಿ 2007ರ ಸೆಪ್ಟೆಂಬರ್ 14ಕ್ಕೆ ನಾರ್ದರ್ನ್ ರಾಕ್ ಬ್ಯಾಂಕಿನ ಮುಂದೆ ಸಾಲು ಬೆಳೆದಾಗಲೂ ಬ್ಯಾಂಕು ಗಟ್ಟಿಯಾಗಿದೆ ಎಂದು ಮೇಲಿನವರು ಹೇಳುತ್ತಲೇ ಇದ್ದರು. ಸಾಲು ಕರಗಿದ್ದು 17ರಂದು ಸರಕಾರ ಠೇವಣಿಗೆಲ್ಲ ಖಾತರಿ ಕೊಟ್ಟ ಮೇಲೆ.

ಮೊದಲು ಲೆಕ್ಕ, ಆಮೇಲೆ ಮೈಕು

ಶನಿವಾರ ರಾತ್ರಿಯೇ ಕಾರ್ಯದರ್ಶಿ, ಅಕೌಂಟೆಂಟ್, ಲೆಕ್ಕ ಪರಿಶೋಧಕರು ಒಟ್ಟಿಗೆ ಕೂರಬೇಕು. ಬೇಕಾದದ್ದು ಒಂದೇ ಅಂಕಿ: ನಾಳಿದ್ದು ಬೆಳಿಗ್ಗೆಯಿಂದ ಮೂರು ದಿನದೊಳಗೆ ನಿಜವಾಗಿ ಎಷ್ಟು ಹಣ ಕೊಡಲು ಸಾಧ್ಯ? ಎಡವುವುದು ಹೆಚ್ಚಾಗಿ ಇಲ್ಲೇ, ಹಾಗಾಗಿ ಒಂದು ಉದಾಹರಣೆ ಬಿಡಿಸಿ ನೋಡೋಣ.

ಒಂದು ಸೊಸೈಟಿಯಲ್ಲಿ 60 ಕೋಟಿ ಠೇವಣಿ, 7 ಕೋಟಿ ಷೇರು ಬಂಡವಾಳ ಮತ್ತು ನಿಧಿ ಇದೆ ಅನ್ನಿ. ಒಟ್ಟು 67 ಕೋಟಿ. ಅದರಲ್ಲಿ 48 ಕೋಟಿ ಸಾಲವಾಗಿ ಹೊರಗಿದೆ, 16 ಕೋಟಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನಲ್ಲಿ ಎಫ್‌ಡಿ, 50 ಲಕ್ಷ ನಗದು, ಉಳಿದ ಎರಡೂವರೆ ಕೋಟಿ ಕಟ್ಟಡ, ಕಂಪ್ಯೂಟರ್ ಇತ್ಯಾದಿ. ಗಡಿಬಿಡಿಯಲ್ಲಿ ಅಧ್ಯಕ್ಷರು "ನಮ್ಮಲ್ಲಿ ಹದಿನಾರೂವರೆ ಕೋಟಿ ತಯಾರಿದೆ" ಎನ್ನುತ್ತಾರೆ. ಆದರೆ ಆ ಎಫ್‌ಡಿಯಲ್ಲಿ 6 ಕೋಟಿಯನ್ನು ಕಳೆದ ವರ್ಷವೇ ಓವರ್‌ಡ್ರಾಫ್ಟ್ ಸಾಲಕ್ಕೆ ಅಡವು ಇಟ್ಟಿದ್ದರೆ? ಕೈಗೆ ಸಿಗುವುದು ಹತ್ತೂವರೆ ಕೋಟಿ, ಅಂದರೆ ಪ್ರತಿ ನೂರು ರೂಪಾಯಿ ಠೇವಣಿಗೆ ಹದಿನೇಳೂವರೆ ರೂಪಾಯಿ. ರೇಡಿಯೊದಲ್ಲಿ ಹೇಳಬೇಕಾದ ಅಂಕಿ ಇದು. ಹದಿನಾರೂವರೆ ಎಂದು ಹೇಳಿ ಬುಧವಾರ ಹತ್ತೂವರೆಗೇ ನಿಂತುಹೋದರೆ ಆಮೇಲೆ ಯಾರು ಯಾವ ಸ್ವರದಲ್ಲಿ ಹೇಳಿದರೂ ಜನ ಕೇಳುವುದಿಲ್ಲ.

ಎಫ್‌ಡಿ ಮುರಿಯಲು ಅಥವಾ ಅದರ ಮೇಲೆ ಸಾಲ ಎತ್ತಲು ಜಿಲ್ಲಾ ಬ್ಯಾಂಕಿನ ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ತೆಗೆದುಕೊಳ್ಳಬೇಡಿ. ಭಾನುವಾರವಾದರೂ ಸರಿ, ಬರಹದಲ್ಲಿ ಪಡೆಯಿರಿ, ಇ-ಮೇಲ್ ಆದರೂ ಸಾಕು. ಸಹಕಾರ ಇಲಾಖೆಯ ಉಪನಿಬಂಧಕರಿಗೆ ತಿಳಿಸಿ. ಲೆಕ್ಕ ಹಾಕಿದಾಗ ನಿಜವಾಗಿಯೂ ತೂತು ಕಂಡರೆ, ಅಂದರೆ ಸಾಲ ಮುಳುಗಿ ಠೇವಣಿಯನ್ನೇ ತಿಂದಿದ್ದರೆ, ರೇಡಿಯೊ ಭಾಷಣದ ಯೋಚನೆ ಅಲ್ಲಿಗೇ ಬಿಡಿ. ಆಗ ಹೋಗಬೇಕಾದದ್ದು ಇಲಾಖೆಗೆ. ದಿವಾಳಿಯಾದ ಸಂಸ್ಥೆಯ ಪರವಾಗಿ ಧೈರ್ಯ ಹೇಳಿದರೆ ಆ ಮಾತು ನಂಬಿ ದುಡ್ಡು ಬಿಟ್ಟವರು ಮುಳುಗುತ್ತಾರೆ. ಮಾತು ಕೇಳದೆ ಓಡಿಬಂದವರು ಮಾತ್ರ ಪಾರಾಗುತ್ತಾರೆ. ಇದಕ್ಕಿಂತ ದೊಡ್ಡ ಅನ್ಯಾಯ ಇಲ್ಲ.

ವಿಮೆಯ ಮಾತು

ಇಲ್ಲಿ ಅರ್ಧ ಸತ್ಯ ಹೇಳುವವರು ಬಹಳ. ಆರ್‌ಬಿಐ ಪರವಾನಗಿ ಇರುವ ವಾಣಿಜ್ಯ ಬ್ಯಾಂಕು, ಪಟ್ಟಣ ಸಹಕಾರಿ ಬ್ಯಾಂಕು, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳ ಠೇವಣಿಗೆ ಡಿಐಸಿಜಿಸಿ (ಠೇವಣಿಗೆ ವಿಮೆ ಕೊಡುವ ಆರ್‌ಬಿಐನ ಅಂಗಸಂಸ್ಥೆ) ವಿಮೆ ಉಂಟು. 2020ರ ಫೆಬ್ರವರಿ 4ರಿಂದ ಅದರ ಮಿತಿ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ, ಎಲ್ಲ ಶಾಖೆ ಸೇರಿ, ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿ. ಆರ್‌ಬಿಐ ಒಂದು ಬ್ಯಾಂಕಿನಲ್ಲಿ ಹಣ ತೆಗೆಯುವುದನ್ನು ತಡೆಹಿಡಿದರೆ 2021ರ ತಿದ್ದುಪಡಿಯಂತೆ 90 ದಿನದೊಳಗೆ ಈ ವಿಮೆ ಹಣ ಸಿಗಬೇಕು: ಬ್ಯಾಂಕು ಪಟ್ಟಿ ಕೊಡಲು 45 ದಿನ, ಪರಿಶೀಲನೆಗೆ 30, ಪಾವತಿಗೆ 15.

ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಕ್ಕೆ ಈ ವಿಮೆ ಇಲ್ಲ. ಬ್ಯಾಂಕ್ ಪರವಾನಗಿ ಇಲ್ಲದ ಕ್ರೆಡಿಟ್ ಸೊಸೈಟಿಗೂ ಸೌಹಾರ್ದ ಸಹಕಾರಿಗೂ ಇಲ್ಲ. ಅಂಥ ಸಂಸ್ಥೆಯ ಅಧ್ಯಕ್ಷರು "ನಿಮ್ಮ ಹಣಕ್ಕೆ ವಿಮೆ ಇದೆ" ಎಂದರೆ ಅದು ಸುಳ್ಳು. "ನಮ್ಮ ಹಣ ಇರುವ ಜಿಲ್ಲಾ ಬ್ಯಾಂಕಿಗೆ ವಿಮೆ ಇದೆ" ಎನ್ನುವುದೂ ಕೇಳುವವರ ದಾರಿ ತಪ್ಪಿಸುತ್ತದೆ, ಅಲ್ಲಿ ಸೊಸೈಟಿಯೇ ಒಬ್ಬ ಠೇವಣಿದಾರ, ಅದಕ್ಕೂ ಮಿತಿ ಅದೇ 5 ಲಕ್ಷ. ವಿಮೆ ಇಲ್ಲದಿದ್ದರೆ ಇಲ್ಲ ಎಂದು ಹೇಳಿ, ಇರುವ ಬಲ ಯಾವುದೆಂದು ಹೇಳಿ. ರೂಸ್‌ವೆಲ್ಟ್ ಮಾತಾಡಿದ ರಾತ್ರಿ ಅಮೆರಿಕದಲ್ಲಿ ರಾಷ್ಟ್ರಮಟ್ಟದ ಠೇವಣಿ ವಿಮೆ ಇರಲಿಲ್ಲ. ಅದು ಶುರುವಾದದ್ದು 1934ರ ಜನವರಿ 1ಕ್ಕೆ, 2,500 ಡಾಲರ್ ಮಿತಿಯಲ್ಲಿ.

ಬರೆಯುವ ಕ್ರಮ

ಐದು ನಿಮಿಷ ಸಾಕು. ನಿಧಾನವಾಗಿ, ನಿಮಿಷಕ್ಕೆ ತೊಂಬತ್ತರಿಂದ ನೂರು ಪದದಂತೆ ಓದಿದರೆ 450ರಿಂದ 500 ಪದ. ಮೊದಲ ವಾಕ್ಯದಲ್ಲೇ ಯಾರ ಹತ್ತಿರ ಮಾತಾಡುತ್ತಿದ್ದೀರಿ ಎಂದು ತಿಳಿಯಬೇಕು. ಬ್ಯಾಂಕಿನ ಒಳಸುಳಿ ಬಲ್ಲ ಕೆಲವರಿಗಿಂತ ಹೆಚ್ಚಾಗಿ, ದುಡ್ಡು ಕಟ್ಟಿ ಚೆಕ್ಕು ಬರೆಯುವ ಬಹುಪಾಲು ಜನರ ಜೊತೆ ಮಾತಾಡಲು ಬಂದಿದ್ದೇನೆ ಎಂದೇ ರೂಸ್‌ವೆಲ್ಟ್ ಶುರುಮಾಡಿದ್ದರು. ನಮ್ಮಲ್ಲಿ ಆ ಬಹುಪಾಲು ಯಾರು? ದಿನಾ ನೂರು ರೂಪಾಯಿ ಪಿಗ್ಮಿ ಕಟ್ಟುವ ಮೀನು ಮಾರುವ ಹೆಂಗಸು, ಬೀಡಿ ಕಟ್ಟುವವರು, ರಿಕ್ಷಾದವರು, ಗಲ್ಫಿನಲ್ಲಿರುವ ಮಗ ಕಳಿಸಿದ್ದನ್ನು ಎಫ್‌ಡಿ ಇಟ್ಟ ಅಪ್ಪ ಅಮ್ಮ. 1928ರಲ್ಲಿ ಉಡುಪಿಯ ಸಿಂಡಿಕೇಟ್ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಬಂದು ಪಿಗ್ಮಿ ಸಂಗ್ರಹಿಸತೊಡಗಿದಂದಿನಿಂದ ಈ ಜಿಲ್ಲೆಗಳ ನಂಬಿಕೆ ನಿಂತಿರುವುದು ಇವರ ಮೇಲೆ. ಊರವರೇ ಕಟ್ಟಿದ ವಿಜಯಾ, ಸಿಂಡಿಕೇಟ್, ಕಾರ್ಪೊರೇಶನ್ ಬ್ಯಾಂಕುಗಳ ಬೋರ್ಡು 2019 ಮತ್ತು 2020ರ ಏಪ್ರಿಲ್ 1ರ ವಿಲೀನಗಳಲ್ಲಿ ಹೋದದ್ದನ್ನು ಇವರು ಕಣ್ಣಾರೆ ಕಂಡಿದ್ದಾರೆ. ಯಾರ ದುಡ್ಡೂ ಹೋಗಲಿಲ್ಲ, ಆದರೂ ಹೆಸರು ಹೋದದ್ದರ ಕಸಿವಿಸಿ ಉಳಿದಿದೆ. ವದಂತಿ ಬೇಗ ಹತ್ತುವುದು ಅಂಥ ಕಡೆ.

ಎರಡನೆಯದಾಗಿ, ದುಡ್ಡು ಎಲ್ಲಿದೆ ಎಂದು ಹೇಳಿ. ಬ್ಯಾಂಕು ನಿಮ್ಮ ಹಣವನ್ನು ತಿಜೋರಿಯಲ್ಲಿ ಇಟ್ಟುಕೊಂಡು ಕೂರುವುದಿಲ್ಲ ಎಂಬ ಸರಳ ಸಂಗತಿಯನ್ನು ರೂಸ್‌ವೆಲ್ಟ್ ಮೊದಲಿಗೇ ಬಿಚ್ಚಿಟ್ಟರು. ಭಾಷಣದ ಜೀವ ಅಲ್ಲೇ ಇತ್ತು. ಇದನ್ನು ಹೇಳಲು ಹೆದರುವವರೇ ಹೆಚ್ಚು, "ಹಣ ಪೂರ್ತಿ ಭದ್ರವಾಗಿದೆ" ಎಂದು ತೇಲಿಸಿಬಿಡುತ್ತಾರೆ. ಕೇಳುವವರು ಅದನ್ನು ತಿಜೋರಿ ತುಂಬ ನೋಟು ಇದೆ ಎಂದು ತಿಳಿಯುತ್ತಾರೆ, ಮರುದಿನ ಹತ್ತು ಲಕ್ಷ ಕೇಳಿದಾಗ "ಮಧ್ಯಾಹ್ನ ಬನ್ನಿ" ಎಂದರೆ ಮೋಸ ಎನಿಸುತ್ತದೆ. ಹೀಗೆ ಹೇಳಿ ನೋಡಿ:

"ನೀವು ಕಟ್ಟಿದ ನೂರು ರೂಪಾಯಿ ಎಲ್ಲಿ ಉಂಟು ಅಂತ ಹೇಳ್ತೇನೆ. ದೊಡ್ಡ ಪಾಲು ನಿಮ್ಮದೇ ಊರಿನವರಿಗೆ ಸಾಲ ಕೊಟ್ಟಿದ್ದೇವೆ. ಅಡಿಕೆ ತೋಟಕ್ಕೆ, ಮನೆ ಕಟ್ಟಲಿಕ್ಕೆ, ಬಂಗಾರ ಅಡವು ಇಟ್ಟವರಿಗೆ. ಅದು ಪ್ರತಿ ತಿಂಗಳು ಕಂತು ಕಂತಾಗಿ ವಾಪಸು ಬರ್ತದೆ, ಒಂದೇ ದಿನ ಬರುವುದಿಲ್ಲ. ಹದಿನೇಳು ರೂಪಾಯಿ ನಗದಾಗಿ, ಕೂಡಲೇ ತೆಗೆಯಬಹುದಾದ ಎಫ್‌ಡಿಯಾಗಿ ಇಟ್ಟಿದ್ದೇವೆ. ಬೇಕಾದವರಿಗೆ ನಾಳೆಯಿಂದ ಅದರಲ್ಲಿ ಕೊಡ್ತೇವೆ. ಎಲ್ಲರೂ ಒಂದೇ ದಿನ ಬಂದರೆ ಯಾವ ಬ್ಯಾಂಕಿಗೂ ಕೊಡಲಿಕ್ಕೆ ಆಗುವುದಿಲ್ಲ, ನಮಗೂ ಆಗುವುದಿಲ್ಲ."

ಹದಿನೇಳೂವರೆಯನ್ನು ಹದಿನೇಳು ಎಂದದ್ದು ಬೇಕೆಂದೇ. ಅಂಕಿಯನ್ನು ಕೆಳಕ್ಕೆ ದುಂಡಗೆ ಮಾಡಿ, ಮೇಲಕ್ಕೆ ಬೇಡ. ಐದು ನಿಮಿಷದಲ್ಲಿ ಮೂರಕ್ಕಿಂತ ಹೆಚ್ಚು ಅಂಕಿ ಕಿವಿಗೆ ನಿಲ್ಲುವುದಿಲ್ಲ.

ಮೂರನೆಯದು ಏನಾಯಿತು ಎನ್ನುವುದು. ತಪ್ಪು ಇದ್ದರೆ ಒಪ್ಪಿ. ಕೆಲವು ಬ್ಯಾಂಕಿನವರು ಅಸಮರ್ಥರು ಅಥವಾ ಅಪ್ರಾಮಾಣಿಕರಾಗಿದ್ದರು ಎಂದು ರೂಸ್‌ವೆಲ್ಟ್ ನೇರವಾಗಿ ಹೇಳಿದ್ದರು. ಒಂದು ಶಾಖೆಯಲ್ಲಿ ಬಂಗಾರ ಸಾಲದ ಲೆಕ್ಕ ತಪ್ಪಿ ಸಿಬ್ಬಂದಿ ಅಮಾನತಾಗಿದ್ದರೆ, ಎಷ್ಟು ಮೊತ್ತ, ದೂರು ಕೊಟ್ಟದ್ದು ಯಾವತ್ತು ಎಂಬಷ್ಟನ್ನು ಎರಡು ವಾಕ್ಯದಲ್ಲಿ ಹೇಳಿ. ಮುಚ್ಚಿಟ್ಟರೆ ಮೊತ್ತಕ್ಕೆ ಸೊನ್ನೆ ಸೇರಿಸಿಕೊಂಡು ವಾಟ್ಸಾಪೇ ಹೇಳುತ್ತದೆ.

ನಾಲ್ಕನೆಯದು ನಾಳೆಯ ವಿವರ. ಸೋಮವಾರ ಫೆಡರಲ್ ರಿಸರ್ವ್ (ಅಲ್ಲಿನ ಕೇಂದ್ರ ಬ್ಯಾಂಕು) ಇರುವ ಹನ್ನೆರಡು ನಗರಗಳಲ್ಲಿ, ಮಂಗಳವಾರ ಬ್ಯಾಂಕುಗಳು ಪರಸ್ಪರ ಚೆಕ್ಕು ತೀರಿಸಿಕೊಳ್ಳುವ ಕ್ಲಿಯರಿಂಗ್ ಹೌಸ್ ಇರುವ ನಗರಗಳಲ್ಲಿ, ಬುಧವಾರದಿಂದ ಉಳಿದ ಊರುಗಳಲ್ಲಿ ತೆರೆಯುತ್ತವೆ ಎಂದು ರೂಸ್‌ವೆಲ್ಟ್ ದಿನ ದಿನದ ಲೆಕ್ಕ ಕೊಟ್ಟರು. ಜೊತೆಗೆ, ಸೋಮವಾರ ನಿಮ್ಮ ಬ್ಯಾಂಕು ತೆರೆಯದಿದ್ದರೆ ಅದು ತೆರೆಯುವುದೇ ಇಲ್ಲ ಎಂದು ತಿಳಿಯಬೇಡಿ ಎಂದೂ ಸೇರಿಸಿದರು. ಆ ಒಂದು ವಾಕ್ಯ ಇಲ್ಲದಿದ್ದರೆ ತೆರೆಯದ ಊರುಗಳಲ್ಲಿ ಎರಡನೇ ಗಾಬರಿ ಹುಟ್ಟುತ್ತಿತ್ತು. ನೀವೂ ಹಾಗೇ ಹೇಳಿ: ಯಾವ ಶಾಖೆ ಎಷ್ಟು ಗಂಟೆಗೆ, ಯಾವ ದಾಖಲೆ ತರಬೇಕು, ದೊಡ್ಡ ಮೊತ್ತಕ್ಕೆ ಎಷ್ಟು ದಿನ.

ನಗದಿನ ಕಾನೂನನ್ನೂ ಇಲ್ಲೇ ತಿಳಿಸಿಬಿಡಿ. ಅವಧಿ ಠೇವಣಿ ಬಡ್ಡಿ ಸೇರಿ 20,000 ರೂಪಾಯಿ ಅಥವಾ ಹೆಚ್ಚಾದರೆ ಆದಾಯ ತೆರಿಗೆ ಕಾನೂನಿನಂತೆ ಅದನ್ನು ನಗದಾಗಿ ಕೊಡುವ ಹಾಗಿಲ್ಲ, ಚೆಕ್ಕು ಅಥವಾ ಖಾತೆಗೆ ಜಮಾ ಆಗಬೇಕು. ಪ್ರಾಥಮಿಕ ಕೃಷಿ ಪತ್ತಿನ ಸಂಘದ ಸದಸ್ಯರಿಗೆ ಈ ಮಿತಿ 2 ಲಕ್ಷ. ಇದು ಗೊತ್ತಿಲ್ಲದೆ ಎಂಬತ್ತು ಸಾವಿರದ ಎಫ್‌ಡಿ ಮುರಿಯಲು ಬಂದವರ ಕೈಗೆ ಚೆಕ್ಕು ಕೊಟ್ಟರೆ, ಅವರು ಹೊರಗೆ ಬಂದು "ಒಳಗೆ ಕ್ಯಾಶ್ ಇಲ್ಲ, ಚೀಟಿ ಕೊಡ್ತಿದ್ದಾರೆ" ಎನ್ನುತ್ತಾರೆ. ಅಷ್ಟು ಸಾಕು ಸಾಲು ಇಮ್ಮಡಿಯಾಗಲು.

ಕೊನೆಗೆ, ಏನನ್ನು ಭರವಸೆ ಕೊಡುವುದಿಲ್ಲ ಎಂದು ಹೇಳಿ. ಎಲ್ಲ ಬ್ಯಾಂಕೂ ತೆರೆಯುತ್ತದೆ, ಯಾರಿಗೂ ನಷ್ಟವಾಗುವುದಿಲ್ಲ ಎಂಬ ಮಾತು ಕೊಡಲಾರೆ ಎಂದು ರೂಸ್‌ವೆಲ್ಟ್ ಹೇಳಿಯೇ ಹೇಳಿದರು, ಸಾವಿರಾರು ಬ್ಯಾಂಕುಗಳು ಮತ್ತೆ ತೆರೆಯಲೂ ಇಲ್ಲ. ಹಾಸಿಗೆ ಅಡಿ ಇಡುವುದಕ್ಕಿಂತ ತೆರೆದ ಬ್ಯಾಂಕಿನಲ್ಲಿಡುವುದು ಕ್ಷೇಮ ಎಂಬ ಅವರ ಮಾತಿಗೆ ತೂಕ ಬಂದದ್ದು ಈ ಮಿತಿಯನ್ನು ಒಪ್ಪಿಕೊಂಡದ್ದರಿಂದ.

ವದಂತಿ ಹಬ್ಬಿಸಿದವರ ಮೇಲೆ ಕೇಸು ಹಾಕುತ್ತೇವೆ ಎಂಬ ಗದರಿಕೆ ಭಾಷಣದಲ್ಲಿ ಬೇಡವೇ ಬೇಡ. ದೂರು ಕೊಡುವುದಿದ್ದರೆ ಠಾಣೆಗೆ ಕೊಡಿ. ಕೇಳುವವರಲ್ಲಿ ನೂರಾರು ಜನ ಆ ಆಡಿಯೊವನ್ನು ಮುಂದಕ್ಕೆ ಕಳಿಸಿದವರೇ, ಮತ್ತು ಕಳಿಸಿದ್ದು ಅಕ್ಕನಿಗೆ, ಬಾವನಿಗೆ, ಪ್ರೀತಿಯಿಂದ.

ಭಾಷೆ, ಸ್ವರ, ಮೈಕು

ಕನ್ನಡದಲ್ಲಿ ಒಂದು, ತುಳುವಿನಲ್ಲಿ ಒಂದು ಪ್ರತಿ ಬೇಕೇ ಬೇಕು. ಸದಸ್ಯರು ಯಾರೆಂದು ನೋಡಿ ಕೊಂಕಣಿ, ಬ್ಯಾರಿಯಲ್ಲೂ ಮಾಡಿಸಿ. ಸಾಲಿನಲ್ಲಿ ನಿಂತವರು ಕೇಳುವುದು "ಎಂಕ್ಲೆನ ದುಡ್ಡು ಉಂಡಾ?" (ನಮ್ಮ ದುಡ್ಡು ಉಂಟಾ?) ಎಂದೇ, ಉತ್ತರವೂ ಆ ಭಾಷೆಯಲ್ಲೇ ಸಿಗಲಿ. ಆದರೆ ಅಂಕಿಗಳು ಎಲ್ಲ ಪ್ರತಿಯಲ್ಲಿಯೂ ಒಂದೇ ಇರಬೇಕು, ಒಬ್ಬರೇ ಕೂತು ತಾಳೆ ನೋಡಿ. "ದ್ರವ್ಯತೆ", "ಸ್ವತ್ತಿನ ಗುಣಮಟ್ಟ" ಇಂಥವನ್ನು ಹೊಡೆದುಹಾಕಿ ಠೇವಣಿ, ಎಫ್‌ಡಿ, ಪಾಸ್‌ಬುಕ್, ಪಿಗ್ಮಿ, ಅಡವು, ಕಂತು ಎಂದೇ ಬರೆಯಿರಿ.

ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗೆ ಮುಟ್ಟಬೇಕಾದರೆ ಮಂಗಳೂರು ಆಕಾಶವಾಣಿ. ಒಂದೇ ಊರಿನ ಸೊಸೈಟಿಯಾದರೆ ಮಂಗಳೂರಿನಲ್ಲಿ ರೇಡಿಯೊ ಸಾರಂಗ್, ಮಣಿಪಾಲದಲ್ಲಿ ರೇಡಿಯೊ ಮಣಿಪಾಲ್‌ನಂಥ ಸಮುದಾಯ ಬಾನುಲಿ ಸಾಕು, ಅದರ ಸುತ್ತಳತೆ ಕೆಲವೇ ಕಿಲೋಮೀಟರ್. ಕೇಳಿದ ಕೂಡಲೇ ಸಮಯ ಸಿಗುತ್ತದೆ ಎಂದು ತಿಳಿಯಬೇಡಿ. ಶನಿವಾರವೇ ಕೇಂದ್ರದ ಮುಖ್ಯಸ್ಥರಲ್ಲಿ ಮಾತಾಡಿ, ಬರಹದ ಪ್ರತಿ ಮೊದಲೇ ಕೊಡಿ. ಖಾಸಗಿ ಎಫ್‌ಎಂನಲ್ಲಿ ಹಣ ಕೊಟ್ಟು ಪ್ರಸಾರ ಮಾಡುವುದಾದರೆ ಹಿಂದೆ ಮುಂದೆ ಸಂಗೀತ ಹಾಕಿಸಬೇಡಿ, ಜಾಹೀರಾತು ಅನ್ನಿಸಿದ ಕೂಡಲೇ ಕಿವಿ ಮುಚ್ಚುತ್ತದೆ. ಹೊತ್ತು ಭಾನುವಾರ ಸಂಜೆ ಏಳೂವರೆಯಿಂದ ಎಂಟೂವರೆ. ಬೆಳಗ್ಗಿನ ಜಾವ ದಕ್ಕೆಗೆ (ಮೀನುಗಾರಿಕೆ ಬಂದರಿಗೆ) ಹೋಗುವವರು ಅಷ್ಟರಲ್ಲಿ ಮನೆಯಲ್ಲಿರುತ್ತಾರೆ, ಇನ್ನೂ ಮಲಗಿರುವುದಿಲ್ಲ.

ಓದುವವರು ಅಧ್ಯಕ್ಷರೇ ಆಗಿರಲಿ, ಸ್ವರ ಒಡಕಾದರೂ ಅಡ್ಡಿಯಿಲ್ಲ. ಮಹಾಸಭೆಯಲ್ಲಿ ಜನ ಕೇಳಿದ ಸ್ವರ ಅದು. ಬರಹವನ್ನು ದಪ್ಪ ಕಾಗದದ ಒಂದೇ ಮಗ್ಗುಲಲ್ಲಿ, ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ, ಪಿನ್ ಹೊಡೆಯಬೇಡಿ, ತಿರುವುವ ಸದ್ದು ಮೈಕಿಗೆ ಬೀಳುತ್ತದೆ. ಬಾಯಿಗೂ ಮೈಕಿಗೂ ಗೇಣಿಗಿಂತ ತುಸು ಕಡಿಮೆ ಅಂತರ. ಕಚೇರಿಯಲ್ಲೇ ಮೊಬೈಲಿನಲ್ಲಿ ಮುದ್ರಿಸುವುದಾದರೆ ಫ್ಯಾನ್ ನಿಲ್ಲಿಸಿ. ಮಳೆಗಾಲದಲ್ಲಿ ಶೀಟಿನ ಮಾಡಿನ ಕೋಣೆ ಬೇಡ, ಹನಿಯ ಸದ್ದಿಗೆ ಮಾತು ಮುಳುಗುತ್ತದೆ. ಆರಂಭದಲ್ಲೂ ಕೊನೆಯಲ್ಲೂ ತಾರೀಕು, ವಾರ, ಸಮಯ ಹೇಳಿ. ಇದೇ ಆಡಿಯೊ ಆರು ತಿಂಗಳ ಮೇಲೆ ಮತ್ತೆ ವಾಟ್ಸಾಪಿನಲ್ಲಿ ಸುತ್ತಿದಾಗ ಹೊಸ ಗಾಬರಿ ಹುಟ್ಟದಿರಲು ಇರುವ ಉಪಾಯ ಅದೊಂದೇ.

ಸೋಮವಾರ ಬೆಳಿಗ್ಗೆ

ಒಬ್ಬರಿಗೆ ಹಣ ಕೊಡಲು ನಾಲ್ಕೂವರೆ ನಿಮಿಷ ಹಿಡಿದರೆ ಒಂದು ಕೌಂಟರಿನಲ್ಲಿ ಆರು ಗಂಟೆಯಲ್ಲಿ ಎಂಬತ್ತು ಜನ. ಮುನ್ನೂರು ಜನ ಬರುವ ಅಂದಾಜಿದ್ದರೆ ನಾಲ್ಕು ಕೌಂಟರ್ ಬೇಕು. ಬೇರೆ ಶಾಖೆಯವರನ್ನು ಕರೆಸಿ, ಟೋಕನ್ ಕೊಡಿ, ಹೊರಗೆ ಶಾಮಿಯಾನ, ಕುರ್ಚಿ, ಕುಡಿಯುವ ನೀರು. ಬಿಸಿಲಲ್ಲಿ ಬೀದಿಗೆ ಚಾಚಿದ ಸಾಲಿನ ಫೋಟೊ ಹತ್ತು ಭಾಷಣಕ್ಕಿಂತ ಜೋರು. ಒಂದು ಕೋಟಿ ಎಂದರೆ ಐನೂರರ ನೋಟಿನಲ್ಲಿ, ಕಟ್ಟಿಗೆ ನೂರು ನೋಟಿನಂತೆ, ಇನ್ನೂರು ಕಟ್ಟು. ಸಣ್ಣ ಮೊತ್ತದವರೇ ಹೆಚ್ಚು, ಹಾಗಾಗಿ ನೂರು ಇನ್ನೂರರ ನೋಟನ್ನೂ ಕೇಳಿ ತರಿಸಿ. ಸರ್ವರ್ ಕೈಕೊಟ್ಟರೆ ಎಂದು ಹಿಂದಿನ ದಿನದ ಬಾಕಿಪಟ್ಟಿ ಮುದ್ರಿಸಿಡಿ. "ಸರ್ವರ್ ಡೌನ್" ಎಂಬ ಮಾತನ್ನು ಆ ದಿನ ಯಾರೂ ನಂಬುವುದಿಲ್ಲ.

ಮೊದಲ ಇಪ್ಪತ್ತು ಜನರಿಗೆ ಕೇಳಿದಷ್ಟೂ, ಕಾನೂನು ಬಿಟ್ಟಷ್ಟು, ತಕರಾರಿಲ್ಲದೆ ಸಿಗಲಿ. ಯಾಕೆ ತೆಗೆಯುತ್ತೀರಿ ಎಂದು ಕೇಳಬೇಡಿ. ಎಫ್‌ಡಿ ಅವಧಿಗೆ ಮುಂಚೆ ಮುರಿದರೆ ಬಡ್ಡಿ ಎಷ್ಟು ಕಡಿಮೆಯಾಗುತ್ತದೆ ಎಂದು ಮಾತ್ರ ಚೀಟಿಯಲ್ಲಿ ಬರೆದು ತೋರಿಸಿ, ಅದನ್ನು ನೋಡಿ ಯೋಚಿಸುತ್ತೇನೆ ಎನ್ನುವವರು ಇರುತ್ತಾರೆ. ಪಿಗ್ಮಿ ಸಂಗ್ರಹದವರಿಗೆ ಬೆಳಿಗ್ಗೆ ಏಳಕ್ಕೇ ಭಾಷಣದ ಪ್ರತಿ ಕೊಟ್ಟು, ಕೇಳಿದವರಿಗೆ ಏನು ಹೇಳಬೇಕೆಂದು ತಿಳಿಸಿ. ಅವರು ಆ ದಿನ ರಜೆ ಹಾಕಿದರೆ ಇಡೀ ವಾರ್ಡಿಗೆ ತಪ್ಪು ಸುದ್ದಿ ಹೋಗುತ್ತದೆ. ಮುಚ್ಚುವ ಹೊತ್ತಿಗೆ ಸಾಲಿನಲ್ಲಿ ಇಪ್ಪತ್ತು ಜನ ಉಳಿದಿದ್ದರೆ ಆ ಇಪ್ಪತ್ತೂ ಮುಗಿಯುವ ತನಕ ಬಾಗಿಲು ಹಾಕಬೇಡಿ.

ದಿನದ ಕೊನೆಗೆ ಬಾಗಿಲ ಹೊರಗಿನ ಬೋರ್ಡಿನಲ್ಲಿ ಸೀಮೆಸುಣ್ಣದಿಂದ ಎರಡು ಅಂಕಿ ಬರೆಯಿರಿ: ಇವತ್ತು ಕೊಟ್ಟದ್ದು, ಇವತ್ತು ಕಟ್ಟಿದ್ದು. ಹೆಚ್ಚು ಹೋಗಿದ್ದರೆ ಹೆಚ್ಚು ಎಂದೇ ಬರೆಯಿರಿ. ಏಳನೇ ದಿನ ಅದೇ ಹೊತ್ತಿಗೆ, ಅದೇ ಸ್ವರದಲ್ಲಿ, ಎರಡೇ ನಿಮಿಷದ ಇನ್ನೊಂದು ಮಾತು ಪ್ರಸಾರ ಮಾಡಿ. ಹದಿನೇಳು ರೂಪಾಯಿ ಎಂದಿದ್ದೆವು, ಇಷ್ಟು ಹೋಯಿತು, ಇಷ್ಟು ಬಂತು, ಈಗ ಇಷ್ಟು ಉಂಟು. ಮೊದಲ ಭಾಷಣದ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಆ ಅಂಕಿಗಳನ್ನು ಬರೆಯಿರಿ.